ಸಿಂಬಿ ಸುತ್ತಿದವನ ಜವಾಬು

ಮುಲುಂಡ್
8 ಜುಲೈ 2024

ಹರಿಣೀ,

ಇಲ್ಲಿ ನಾನು ಕ್ಷೇಮವಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಯಾಕೆಂದು ಹೇಳುತ್ತೇನೆ, ಕಾಗದ ಹರಿಯಬೇಡ.

ನೀನು ನನ್ನ ನಂಬರು ಬ್ಲಾಕ್ ಮಾಡಿ ಮೂರು ವಾರವಾಯಿತು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಷ್ಟೆ? ಮುಲುಂಡಿನಿಂದ ಕುರ್ಲಾಕ್ಕೆ ಲೋಕಲಿನಲ್ಲಿ ಅರ್ಧ ಗಂಟೆ. ಈ ಕಾಗದಕ್ಕೆ ನಾಲ್ಕು ದಿನ ಬೇಕಂತೆ, ಬೇಕಾಗಲಿ. ಪಪ್ಪ "ನನ್ನ ಫೋನಿನಿಂದ ಮಾಡು ಮಾರಾಯ್ತಿ" ಎಂದರು. ಹೆತ್ತ ಮಗಳ ಹತ್ತಿರ ಮಾತಾಡಲು ಗಂಡನ ಫೋನನ್ನು ಎರವಲು ಕೇಳುವಷ್ಟು ನಾನಿನ್ನೂ ಬಿದ್ದಿಲ್ಲ.

ಕೊಳಲು ಊದುವ ಹುಡುಗಿಯೊಬ್ಬಳು ಸಿಕ್ಕಿದ್ದಾಳೆಂದು ನಿನ್ನ ಬಾಸಿಗೇ ಫೋನ್ ಮಾಡಿದ್ದು ತಪ್ಪೇ ಇರಬಹುದು. ಆದರೆ ಹಾಡಿನ ಕಂಪನಿಯಲ್ಲಿ ಹೊಸ ಕಲಾವಿದರನ್ನು ಹುಡುಕುವುದು ನಿನ್ನ ನೌಕರಿ, ಹುಡುಕಿ ಕೊಟ್ಟದ್ದು ನಾನು. ಅದಕ್ಕೆ ನೀನು "ಅಮ್ಮ, ನಿನಗೆ ಕಿವಿ ಉಂಟು, ಕೇಳಿಸಿಕೊಳ್ಳುವುದು ಗೊತ್ತಿಲ್ಲ" ಅಂದೆ. ಅಂದವಳು ಫೋನ್ ಇಟ್ಟೆ. ನನ್ನ ಜವಾಬು ಬಾಯಿಯಲ್ಲೇ ಉಳಿಯಿತು.

ಇರಲಿ, ವಿಷಯಕ್ಕೆ ಬರುತ್ತೇನೆ. ನಿನ್ನೆ ಭಾಂಡುಪ್‌ನಲ್ಲಿ ವಿಜಯಪುರ ಕಡೆಯವರ ಸಂಘದ ಕಾರ್ಯಕ್ರಮವಿತ್ತು. ಅಲ್ಲಿನ ಕನ್ನಡ ಶಾಲೆಯಲ್ಲಿ ಅಷ್ಟು ವರ್ಷ ಪಾಠ ಮಾಡಿದವಳೆಂದು ಇವತ್ತಿಗೂ ನನ್ನನ್ನು ಕರೆಯುತ್ತಾರೆ. ಸಜ್ಜೆರೊಟ್ಟಿಯ ಆಸೆಗೆ ಹೋದೆನೆಂದೇ ಇಟ್ಟುಕೊ. ವೇದಿಕೆಯಲ್ಲಿ ಎರಡು ಚಾಪೆ, ಎದುರುಬದುರು. ಒಂದರಲ್ಲಿ ಸೋನಾಲಿ. ನನ್ನ ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡದಿದ್ದ ಸೋನಾಲಿ! ಈಗ ಇಲ್ಲೇ ಮಾಲ್‌ನಲ್ಲಿ ಬೆಡ್‌ಶೀಟ್ ಮಾರುತ್ತಾಳೆ. ಅವಳ ಹಿಂದೆ ಅಜ್ಜಿ ಸುಂದ್ರವ್ವ, ಕೈಯಲ್ಲಿ ಒಂಟಿ ತಂತಿಯ ತುಂತುಣಿ. ಎದುರಿನ ಚಾಪೆಯಲ್ಲಿ ಡಪ್ಪು ಹಿಡಿದು ಕಾಶಿನಾಥ. ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂರಿಸುವ ಹುಡುಗ.

ಇದಕ್ಕೆ ಹರದೇಶಿ-ನಾಗೇಶಿ ಎನ್ನುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಬೇಕು, ಹರದೇಶಿಯವರು ಗಂಡು ಹೆಚ್ಚೆಂದು. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಎದುರಿನವರು ಹಾಡಿನಲ್ಲೇ ಜವಾಬು ಕೊಡಬೇಕು. ನಮ್ಮ ಸೋನಾಲಿ ಸೆರಗು ಸಿಕ್ಕಿಸಿ ಎದ್ದು ನಿಂತು ಕಾಶಿನಾಥನ ಮುಖಕ್ಕೇ ಹಾಡಿದಳು:

ಇಪ್ಪತ್ತ ಮಾಳಿಗಿ ನಾ ಕಟ್ಟೇನಂತಿ
ಇಟ್ಟಂಗಿ ಹೊತ್ತಾಕಿ ಯಾರೋ?
ನೆರಳಾಗ ನಿಂತು ಹೆಸರ ಬರಸೀದಿ
ಬಿಸಲಾಗ ನಿಂತಾಕಿ ಯಾರೋ?

ಊಟಕ್ಕೆ ಕೂತವರು ಕೈ ಬಾಯಿಗೆ ತರುವುದನ್ನೇ ಮರೆತರು. ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನು ಪಪ್ಪನ ಕೈಯಿಂದ ಪೆನ್‌ಡ್ರೈವಿಗೆ ಹಾಕಿಸಿ ಇದರ ಜೊತೆ ಕಳಿಸಿದ್ದೇನೆ. ಕೇಳು. ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯ ಮೇಲೆ ತೀರಿಸಬೇಡ.

ನಿನ್ನ ಅಮ್ಮ
ಶೀಲಾವತಿ


ಕುರ್ಲಾ
19 ಜುಲೈ

ಅಮ್ಮ,

ನಾನು ಕನ್ನಡ ಬರೆದು ಎಷ್ಟೋ ವರ್ಷ ಆಯಿತು. ಟೀಚರ್ ಆಗಿ ಓದಬೇಡ, ಅಮ್ಮ ಆಗಿ ಓದು.

ಪೆನ್‌ಡ್ರೈವ್ ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಫೋನಿಗೆ ಹಾಕಿಕೊಂಡು ಲೋಕಲ್‌ನಲ್ಲಿ ನಿಂತು ಕೇಳಿದೆ. ಇಳಿಯಬೇಕಾದ ಸ್ಟೇಷನ್ ಹೋಯಿತು.

ನಾನು ಕಂಪನಿಗೆ ಸೇರಿ ವರ್ಷ ಆಗುತ್ತಾ ಬಂತು, ನಾನು ಆರಿಸಿದ ಒಂದು ಹಾಡೂ ಚಾರ್ಟ್‌ಗೆ ಹತ್ತಲಿಲ್ಲ. ಡಿಸೆಂಬರ್‌ಗೆ ನನ್ನ ಪ್ರೊಬೇಷನ್ ಮುಗಿಯುತ್ತದೆ, ಆಮೇಲೆ ಇಟ್ಟುಕೊಳ್ಳುತ್ತಾರಾ ಇಲ್ಲವಾ ದೇವರಿಗೇ ಗೊತ್ತು. ನೀನು ದಿನಕ್ಕೆ ನಲವತ್ತು ಕ್ಲಿಪ್ ಕಳಿಸುವಾಗ ನನಗೆ ಉಸಿರು ಕಟ್ಟುತ್ತಿತ್ತು. ಅದಕ್ಕೆ ಬ್ಲಾಕ್ ಮಾಡಿದ್ದು. ಇನ್ನೂ ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಆದರೆ ಸೋನಾಲಿಯನ್ನು ಕರೆದುಕೊಂಡು ಬಾ. ಆ ಡಪ್ಪಿನವನನ್ನೂ. ಅಡ್ರೆಸ್ ಹಿಂದೆ ಬರೆದಿದ್ದೇನೆ. ನಾನು ರೆಕಾರ್ಡಿಂಗ್ ರೂಮ್ ಒಳಗೆ ಇರುತ್ತೇನೆ, ನೀನು ಹೊರಗೆ ಕೂತುಕೋ. ಜಗಳ ಬೇಡ.

ನಿನ್ನ ಕೋಳಿಸಾರಿನ ಕೋರಿರೊಟ್ಟಿ ಕನಸಿನಲ್ಲಿ ಬರುತ್ತದೆ. ಆದರೂ ಮನೆಗೆ ಬರುವುದಿಲ್ಲ.

ಹರಿಣಿ


ಮುಲುಂಡ್
2 ಆಗಸ್ಟ್

ಹರಿಣೀ,

ಗಾಜಿನ ಆಚೆ ನೀನು, ಈಚೆ ನಾನು. ಜೈಲಿನಲ್ಲಿ ಭೇಟಿಗೆ ಬಂದ ಹಾಗಿತ್ತು. ತೆಳ್ಳಗಾಗಿದ್ದೀ. ಏನು ತಿನ್ನುತ್ತೀಯೆಂದು ಕೇಳುವುದಿಲ್ಲ, ಕೇಳಿದರೆ ಅದಕ್ಕೂ ಜಗಳ.

ಒಳಗೆ ಅವರಿಬ್ಬರೂ ಹಾಡುತ್ತಿರುವಾಗ ಹೊರಗೆ ಕೂತ ಸುಂದ್ರವ್ವ ನನಗೆ ಹೇಳಿದ್ದನ್ನು ನೀನು ಕೇಳಲಿಲ್ಲ, ಅದನ್ನು ಬರೆಯುತ್ತೇನೆ. ಆ ಸವಾಲು ಕಟ್ಟಿದ್ದು ಅವಳೇ, ಮುಲುಂಡಿನ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊರುತ್ತಿದ್ದ ಕಾಲದಲ್ಲಿ. ಜವಾಬು ಕಟ್ಟಿದ್ದು ಕಾಶಿನಾಥನ ಅಜ್ಜ ಮುರಿಗೆಪ್ಪ. ಅದೇ ಸೈಟಿನಲ್ಲಿ ಗೋಡೆ ಕಟ್ಟುವ ಗವಂಡಿ ಕೆಲಸ ಮಾಡುತ್ತಿದ್ದನಂತೆ. ಹೋದ ವರ್ಷ ತೀರಿಕೊಂಡ. ಜವಾಬು ನೋಡು, ಎಷ್ಟು ಚಂದ ಉಂಟು:

ಇಟ್ಟಂಗಿ ಹೊತ್ತಾಕಿ ನೀನ ಖರೆ ಹೆಣ್ಣ
ಸಿಂಬಿ ಸುತ್ತಿ ಕೊಟ್ಟಾಂವ ಯಾರ?
ಬಿಸಲಾಗ ನಿಂತಾಕಿ ನೀನ ಖರೆ ಹೆಣ್ಣ
ಕೊಡಪಾನ ತುಂಬಿ ತಂದಾಂವ ಯಾರ?

ತಲೆಗೆ ಇಟ್ಟಿಗೆ ಒತ್ತಬಾರದೆಂದು ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದು ಸಿಂಬಿ. ಗಂಡು ಹೆಚ್ಚೆಂದು ಹಾಡಬೇಕಾದವನು ಎಲ್ಲಿಗೆ ಬಂದು ನಿಂತ ನೋಡು! "ನೀವು ಯಾವತ್ತಾದರೂ ಸೋತದ್ದುಂಟಾ?" ಎಂದು ಸುಂದ್ರವ್ವನನ್ನು ಕೇಳಿದೆ. "ನಾ ಒಂದ ದಿನಾನೂ ಸೋತಿಲ್ರಿ ಟೀಚರಬಾಯಾರ" ಅಂದಳು. ಎಲೆಯಡಿಕೆ ಜಗಿದು, "ಆಂವಾನೂ ಸೋತಿಲ್ಲ" ಅಂದಳು. ಇಡೀ ರಾತ್ರಿ ಹಾಡಿದರೂ ಅವಳ ಬಾಯಲ್ಲಿ ಒಂದು ಸೊಲ್ಲು ಆಚೀಚೆ ಆಗುವುದಿಲ್ಲವಂತೆ. ತನ್ನವೂ ಗೊತ್ತು, ಅವನವೂ ಗೊತ್ತು.

ಹೊರಡುವಾಗ ನನ್ನ ಕೈ ಹಿಡಿದಳು. "ನಿಮ್ಮ ಮಗಳಿಗಿ ಹೇಳ್ರಿ. ಸವಾಲ ಹೊರಗ ಬಿಟ್ಟು ಜವಾಬ್ ಮುಚ್ಚಿಡಬ್ಯಾಡ್ರಿ. ನಮ್ಮ ಮ್ಯಾಳದಾಗ ಜವಾಬ್ ಬರೂತನಾ ಮುಂದಿನ ಪದ ಹಾಡಂಗಿಲ್ಲ." ನಾನು ಮಾತು ಕೊಟ್ಟಿದ್ದೇನೆ, ಹರಿಣಿ. ನಿನ್ನ ಪರವಾಗಿ ಕೊಟ್ಟಿದ್ದೇನೆ.

ಅಮ್ಮ


ಕುರ್ಲಾ
20 ಸೆಪ್ಟೆಂಬರ್

ಅಮ್ಮ!

ನೀನು ಕೇಳಿರುತ್ತೀ. ಎಲ್ಲರೂ ಕೇಳುತ್ತಿದ್ದಾರೆ. "ಇಟ್ಟಂಗಿ ಹೊತ್ತಾಕಿ" ಮೊದಲ ವಾರ ತೊಂಬತ್ತನೇ ಸ್ಥಾನದಲ್ಲಿತ್ತು, ಈಗ ಇಪ್ಪತ್ತೇಳು. ಕನ್ನಡ ಗೊತ್ತಿಲ್ಲದ ಹುಡುಗಿಯರು ತಲೆ ಮೇಲೆ ಲ್ಯಾಪ್‌ಟಾಪ್, ಪುಸ್ತಕ, ಮಗುವಿನ ಬ್ಯಾಗ್ ಇಟ್ಟುಕೊಂಡು ರೀಲ್ ಮಾಡುತ್ತಿದ್ದಾರೆ. ನಾನು ಮಲಗುವಾಗಲೂ ಫೋನ್ ನೋಡುತ್ತೇನೆ, ಎದ್ದ ಕೂಡಲೇ ನೋಡುತ್ತೇನೆ. ನಂಬರ್ ಕೆಳಗೆ ಹೋದೀತು ಅಂತ ಹೆದರಿಕೆ.

ಒಂದು ವಿಷಯ. ಜವಾಬು ಹಾಕಲಿಲ್ಲ. ಎರಡೂ ಸೇರಿದರೆ ಆರು ನಿಮಿಷ, ಅಷ್ಟು ಹೊತ್ತು ಯಾರೂ ಕೇಳುವುದಿಲ್ಲ. ರೆಕಾರ್ಡಿಂಗ್ ಆಫೀಸಿನಲ್ಲಿ ಭದ್ರ ಉಂಟು. ಮತ್ತೆ, ಇದು ಹೆಂಗಸರ ಹಾಡು ಅಂತಲೇ ಓಡುತ್ತಿದೆ. ಹೆಂಗಸು ಕೇಳಿದ ಪ್ರಶ್ನೆಗೆ ಗಂಡಸಿನ ಉತ್ತರ ಯಾಕೆ ಬೇಕು, ನೀನೇ ಹೇಳು.

ಹರಿಣಿ


ಮುಲುಂಡ್
24 ಸೆಪ್ಟೆಂಬರ್

ಹೇಳುತ್ತೇನೆ. ನೀನು ಕೇಳಿಸಿಕೊಳ್ಳುತ್ತೀಯಾದರೆ.

ನನಗೂ ಆ ಸವಾಲು ಇಷ್ಟ. ಕೆಲಸ, ಮನೆ, ಅತ್ತೆ, ನೀನು, ಎಲ್ಲ ತಲೆಯ ಮೇಲೆ ಹೊತ್ತವಳು ನಾನು. ಆದರೆ ಅದು ಕಾಶಿನಾಥನ ಮುಖ ನೋಡಿ ಕೇಳಿದ ಪ್ರಶ್ನೆ. ಅವನ ಉತ್ತರ ನಿನ್ನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಅವನ ಸೈಟಿನಲ್ಲಿ ಎಲ್ಲರ ಫೋನಿನಲ್ಲೂ ಸೋನಾಲಿ ಹಾಡುತ್ತಾಳೆ. ಕೂಲಿಯವರು ಅವನನ್ನು ಸುತ್ತುವರಿದು "ಏನಲೇ ಕಾಶ್ಯಾ, ಹುಡಿಗಿ ಕೇಳಾಕತ್ತಾಳ, ನಿನ್ನ ಕಡೆ ಜವಾಬ್ ಇಲ್ಲೇನು? ನಿಮ್ಮಜ್ಜ ಅದನ್ನ ಕಲಿಸಲಿಲ್ಲೇನು?" ಎಂದು ನಗಾಡುತ್ತಾರಂತೆ. ಅವನು ಡಪ್ಪನ್ನು ಸುಂದ್ರವ್ವನ ಬಾಗಿಲಲ್ಲಿ ಇಟ್ಟು, ಪನ್ವೇಲಿನ ಸೈಟಿಗೆ ಹೋಗಿಬಿಟ್ಟಿದ್ದಾನೆ. ಸೋನಾಲಿಯ ಫೋನು ಎತ್ತುವುದಿಲ್ಲ.

ನಾನು ಮಾತು ಕೊಟ್ಟವಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಭಾಂಡುಪ್ ಸ್ಟೇಷನ್ನಿನಲ್ಲಿ ಇಳಿಯಲು ನನಗೆ ನಾಚಿಕೆಯಾಗುತ್ತಿದೆ. ಸಿಟ್ಟು ಬಂದಿದೆ, ಹರಿಣಿ, ತುಂಬ ಸಿಟ್ಟು ಬಂದಿದೆ.

ಶೀಲಾವತಿ


ಮುಲುಂಡ್
12 ಅಕ್ಟೋಬರ್

ಹರಿಣಿಗೆ,

ಉತ್ತರವಿಲ್ಲ. ನೀನೂ ಕಾಶಿನಾಥನೂ ಒಂದೇ ಶಾಲೆಯಲ್ಲಿ ಕಲಿತವರು.

ನಮ್ಮ ಸೊಸೈಟಿಯ ನವರಾತ್ರಿಯಲ್ಲಿ ಒಂಬತ್ತು ದಿನವೂ ಅದೇ ಹಾಡಿಗೆ ಗರ್ಬಾ. ಗುಜರಾತಿ ಹೆಂಗಸರು "ಇಟ್ಟಂಗಿ, ಇಟ್ಟಂಗಿ" ಎಂದು ಕೋಲು ಬಡಿಯುತ್ತಾರೆ. ನಾನು ಕಿಟಕಿ ಹಾಕಿದೆ. ಐದು ನಿಮಿಷ ಬಿಟ್ಟು ತೆರೆದೆ. ಪಪ್ಪ "ಒಂದೋ ಹಾಕು, ಇಲ್ಲ ತೆರೆ" ಎಂದರು.

ಸೋನಾಲಿ ಬಂದಿದ್ದಳು. ಮಾಲ್‌ನವರು ಅವಳನ್ನು ಕೌಂಟರಿನ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಾರಂತೆ. ಖುಷಿಯಾಯಿತಾ ಎಂದು ಕೇಳಿದೆ. "ಮೊದಲ ಭಾಳ ಆಗಿತ್ರಿ. ಈಗ ಸ್ಟೇಷನ್ನಿನ್ಯಾಗ ನನ್ನ ಹಾಡ ಕೇಳಿದ್ರ ಓಡಿ ಹೋಗಬೇಕನಸ್ತೈತಿ. ಒಬ್ಬಾಕೀನ ಹಾಡಿ ಹಾಡಿ ನನ್ನ ದನಿ ನನಗ ಬ್ಯಾಸರ ಬಂದೈತ್ರಿ ಬಾಯಾರ" ಅಂದಳು. ಇನ್ನೊಂದು ಹಾಡು ಮಾಡಿಕೊಡು ಎಂದು ನೀನು ಕೇಳುತ್ತಿದ್ದೀಯಂತೆ. ಅವಳು ಮಾಡುವುದಿಲ್ಲ. ಯಾಕೆಂದು ನಿನಗೆ ಆಗಸ್ಟಿನಲ್ಲೇ ಬರೆದಿದ್ದೇನೆ.

ಅಮ್ಮ


ಕುರ್ಲಾ
1 ಡಿಸೆಂಬರ್

ಅಮ್ಮ,

ಹಾಡು ಎರಡನೇ ಸ್ಥಾನದಲ್ಲಿದೆ. ಎರಡು! ನಾನು ಕುಣಿಯಬೇಕಿತ್ತು. ಆಫೀಸಿನಲ್ಲಿ ಕೇಕ್ ತಂದರು. ನಾನು ಬಾತ್‌ರೂಮಿಗೆ ಹೋಗಿ ನಿನ್ನ ಸೆಪ್ಟೆಂಬರಿನ ಕಾಗದ ಓದಿದೆ.

ಬಾಸಿಗೆ ಹೇಳಿದೆ, ಜವಾಬನ್ನೂ ಹೊರಗೆ ಬಿಡೋಣ ಅಂತ. "ಪಾಗಲ್ ಹೈ ಕ್ಯಾ? ಹೆಂಗಸರ ಹಾಡಿನ ಬಾಲಕ್ಕೆ ಗಂಡಸನ್ನು ಕಟ್ಟುತ್ತೀಯಾ?" ಅಂದರು. ಅದು ನಾನೇ ಸೆಪ್ಟೆಂಬರಿನಲ್ಲಿ ಹೇಳಿದ ಮಾತು, ನನಗೇ ತಿರುಗಿ ಬಂತು. ನಾನು ಪನ್ವೇಲಿಗೂ ಹೋಗಿದ್ದೆ. ಕಾಶಿನಾಥ ಸೈಟಿನ ಗೇಟಿಗೆ ಬಂದ, ನನ್ನನ್ನು ನೋಡಿದ, ಒಳಗೆ ಹೋದ.

ಡಿಸೆಂಬರ್ 14ಕ್ಕೆ ಮುಲುಂಡಿನ ಗ್ರೌಂಡಿನಲ್ಲಿ ಕಂಪನಿಯ ದೊಡ್ಡ ಶೋ. ಕೊನೆಗೆ ಸೋನಾಲಿ. ಹಾಡು ಮುಗಿದ ಮೇಲೆ ಇನ್ನೂ ಮೂರು ಹಾಡು ಹಾಡಬೇಕು. ಅವಳು ಒಂದೇ ಕಂಡೀಷನ್ ಹಾಕಿದ್ದಾಳೆ: ಸ್ಟೇಜಿನ ಮೇಲೆ ಎರಡು ಚಾಪೆ. ನಾನು ಆಯಿತು ಅಂದೆ. ಅವನು ಬರದಿದ್ದರೆ ಏನು ಮಾಡುತ್ತಾಳೋ ಗೊತ್ತಿಲ್ಲ. ಶೋ ಕೆಟ್ಟರೆ ನನ್ನ ನೌಕರಿ ಹೋದ ಹಾಗೆ.

ನೀನು ಬರುತ್ತೀಯಾ? ಮನೆಯಿಂದ ನಡೆದು ಬರಬಹುದು.

ಹರಿಣಿ


ಮುಲುಂಡ್
6 ಡಿಸೆಂಬರ್

ಬರುವುದಿಲ್ಲ. ಸುಂದ್ರವ್ವನ ಮುಖ ನೋಡುವ ಯೋಗ್ಯತೆ ನನಗೆ ಉಳಿದಿಲ್ಲ. ಪನ್ವೇಲಿಗೆ ಹೋದದ್ದು ಒಳ್ಳೆಯದಾಯಿತು.

ಅಮ್ಮ


ಕುರ್ಲಾ
16 ಡಿಸೆಂಬರ್

ಅಮ್ಮ,

ನಿನಗೆ ಸ್ಪೀಕರಿನ ಸದ್ದು ಕೇಳಿರಬೇಕು. ಆದರೆ ನಡುವೆ ಸದ್ದೇ ಇರಲಿಲ್ಲವಲ್ಲ, ಆಗ ಏನಾಯಿತು ಅಂತ ಬರೆಯುತ್ತೇನೆ.

ಗ್ರೌಂಡ್ ತುಂಬಿ ಜನ ರಸ್ತೆಗೆ ಬಂದಿದ್ದರು. ಸೋನಾಲಿ ಸವಾಲು ಹಾಡಿದಳು. ಜನ ಹುಚ್ಚಾದರು, ಎಲ್ಲರ ಕೈಯೂ ತಲೆ ಮೇಲೆ. ಎದುರಿನ ಚಾಪೆ ಖಾಲಿ. ನಿರೂಪಕ "ಒನ್ಸ್ ಮೋರ್!" ಅಂತ ಬೊಬ್ಬೆ ಹೊಡೆದ. ಬ್ಯಾಂಡಿನವರು ಎರಡನೇ ಹಾಡು ಶುರು ಮಾಡಿದರು. ಸೋನಾಲಿ ಕೈ ಎತ್ತಿ ನಿಲ್ಲಿಸಿದಳು. ಮೈಕ್ ಹತ್ತಿರ ತಂದು ಹೇಳಿದಳು, "ನಮ್ಮ ಮ್ಯಾಳದಾಗ ಜವಾಬ್ ಬರೂತನಾ ಮುಂದಿನ ಪದ ಇಲ್ರಿ. ನಾ ಕಾಯ್ತೀನಿ." ಹೇಳಿ, ಚಾಪೆ ಮೇಲೆ ಕೂತುಬಿಟ್ಟಳು.

ಕೂತೇ ಇದ್ದಳು ಅಮ್ಮ! ಜನ ಮೊದಲು ನಕ್ಕರು, ಆಮೇಲೆ ಸೀಟಿ ಹೊಡೆದರು, ಆಮೇಲೆ ಸುಮ್ಮನಾದರು. ಬಾಸ್ ನನ್ನ ಕಿವಿಯಲ್ಲಿ ಬೈಯುತ್ತಿದ್ದರು. ಗೇಟಿನ ಕಡೆ ನೋಡಿದೆ, ಕಾಶಿನಾಥ ಬರಲಿಲ್ಲ.

ಆಗ ಸೋನಾಲಿಯ ಹಿಂದೆ ಕೂತಿದ್ದ ಸುಂದ್ರವ್ವ ಎದ್ದಳು. ತುಂತುಣಿಯನ್ನು ಮೊಮ್ಮಗಳ ಮಡಿಲಲ್ಲಿ ಇಟ್ಟಳು. ಮೊಣಕಾಲು ಹಿಡಿದುಕೊಂಡು ಮೆಲ್ಲ ಸ್ಟೇಜು ದಾಟಿ ಆ ಖಾಲಿ ಚಾಪೆಗೆ ಹೋಗಿ ನಿಂತಳು. ಸೆರಗನ್ನು ರುಮಾಲಿನ ಹಾಗೆ ತಲೆಗೆ ಸುತ್ತಿದಳು, ಚಾಪೆಯ ಪಕ್ಕ ತಂದಿಟ್ಟಿದ್ದ ಕಾಶಿನಾಥನ ಡಪ್ಪು ಎತ್ತಿಕೊಂಡಳು. ಸೋನಾಲಿ ಬಾಯಿ ಬಿಟ್ಟು ನೋಡುತ್ತಿದ್ದಳು. ಜೀವಮಾನ ಇಡೀ ಹೆಣ್ಣು ಹೆಚ್ಚು ಅಂತ ಹಾಡಿದ ಅಜ್ಜಿ ಗಂಡಸರ ಕಡೆಗೆ ನಿಂತು ಹಾಡಿದಳು:

ಇಟ್ಟಂಗಿ ಹೊತ್ತಾಕಿ ನೀನ ಖರೆ ಹೆಣ್ಣ
ಸಿಮೆಂಟ ಚೀಲದ ಮ್ಯಾಲ ಮಲಗಿದಾಂವ ನಾ!
ಬಿಸಲಾಗ ನಿಂತಾಕಿ ನೀನ ಖರೆ ಹೆಣ್ಣ
ಬೀಡಿ ಸೇದಿ ಹೊತ್ತು ಕಳದಾಂವ ನಾ!

ಕನ್ನಡದವರು ಮೊದಲು ಬಿದ್ದು ಬಿದ್ದು ನಕ್ಕರು, ಅವರನ್ನು ನೋಡಿ ಉಳಿದವರು. ರೆಕಾರ್ಡಿಂಗಿನಲ್ಲಿ ಹೀಗೆ ಇರಲಿಲ್ಲ. ವಯಸ್ಸಾಯಿತು, ಅಷ್ಟು ಜನರ ಮುಂದೆ ಮರೆತುಹೋಗಿರಬೇಕು, ಪಾಪ. ಆದರೂ ಜವಾಬು ಬಂತು ಅಂತ ಸೋನಾಲಿ ಎದ್ದು ಉಳಿದ ಹಾಡು ಹಾಡಿದಳು.

ಈಗ ಆ ಕ್ಲಿಪ್ಪೇ ಎಲ್ಲ ಕಡೆ ಓಡುತ್ತಿದೆ. ಇವತ್ತು ಬೆಳಿಗ್ಗೆ ನಮ್ಮ ಹಾಡು ಒಂದನೇ ಸ್ಥಾನ. ಇದು ಅದಲ್ಲ ಅಂತ ಭಾಂಡುಪ್‌ನವರು ಬರೆದರು, ನಿಜವಾದ ಜವಾಬು ಎಲ್ಲಿ ಅಂತ ಈಗ ಜನ ಕೇಳುತ್ತಿದ್ದಾರೆ. ಬಾಸ್ ಈಗ "ಬಿಡು, ತಕ್ಷಣ ಬಿಡು" ಅನ್ನುತ್ತಾರೆ. ನಾನು ಇಲ್ಲ ಅಂದೆ. ಕಾಶಿನಾಥ ಹೇಳದೆ ಬಿಡುವುದಿಲ್ಲ. ಹಿಂದೆ ಅವನನ್ನು ಕೇಳದೆ ಮುಚ್ಚಿಟ್ಟೆ, ಈಗ ಕೇಳದೆ ತೆರೆಯುವುದಿಲ್ಲ. ನೌಕರಿ ಹೋದರೆ ಹೋಗಲಿ.

ಅಮ್ಮ, ಅಷ್ಟು ಹೊತ್ತು ಆ ಖಾಲಿ ಚಾಪೆ ನೋಡುತ್ತಾ ನನಗೆ ನಿನ್ನ ನೆನಪು ಬಂತು. ಯಾಕೆಂದು ಬರೆಯಲು ನನ್ನ ಕನ್ನಡ ಸಾಲದು.

ಹರಿಣಿ


ಮುಲುಂಡ್
23 ಡಿಸೆಂಬರ್

ಹರಿಣೀ,

ನಿನ್ನ ಕಾಗದವನ್ನು ಮೂರು ಸಲ ಓದಿ, ಪಪ್ಪನಿಗೆ ಓದಿ ಹೇಳಿ, ಮತ್ತೆ ಓದುತ್ತಿದ್ದೆ. ನಿನ್ನೆ ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ಮುರಿಯುವ ಹಾಗೆ ಬಡಿದರು. ತೆರೆದರೆ ಕಾಶಿನಾಥ. ಪ್ಯಾಂಟಿನ ಮೇಲೆಲ್ಲ ಬಿಳಿ ಸಿಮೆಂಟು, ಕಣ್ಣು ಕೆಂಪು.

"ಟೀಚರಬಾಯಾರ, ನಮ್ಮಜ್ಜ ಸಿಮೆಂಟ ಚೀಲದ ಮ್ಯಾಲ ಮಲಗಿದಾಂವಲ್ಲ! ಜಲ್ಮದಾಗ ಬೀಡಿ ಮುಟ್ಟಿಲ್ಲ ಆಂವಾ! ದೇಶಾನ ನಗಾಕತ್ತೈತ್ರಿ ನಮ್ಮಜ್ಜಗ. ಆ ಮುದುಕಿಗಿ ಕೇಳಬೇಕು, ನೀವೂ ಬರ್ರಿ!"

ಕೂತು ಚಾ ಕುಡಿ ಎಂದರೆ ಕೇಳಲಿಲ್ಲ. ಭಾಂಡುಪ್ ತನಕ ಲೋಕಲಿನ ಬಾಗಿಲಲ್ಲೇ ನಿಂತು ಬುಸುಗುಟ್ಟಿದ. ಚಾಳಿನ ಕೋಣೆಯಲ್ಲಿ ಸುಂದ್ರವ್ವ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸೋನಾಲಿ ಒಲೆಯ ಮುಂದಿನಿಂದ ಎದ್ದವಳು ಹಾಗೇ ನಿಂತಳು. ಇವನು ಹೊಸ್ತಿಲಲ್ಲೇ ನಿಂತು ಬೈದ ಬೈದ ಬೈದ. ಮುದುಕಿ ಎಲ್ಲ ಕೇಳಿಸಿಕೊಂಡಳು.

"ವಯಸ್ಸಾತಪಾ, ಮರತೆ" ಅಂದಳು. "ಖರೇದು ಹ್ಯಾಂಗಿತ್ತು? ಒಂದ ಸಲ ಹಾಡಿ ತೋರಸು." ಅವನದೇ ಡಪ್ಪು ಅವಳ ಪಕ್ಕದಲ್ಲೇ ಇತ್ತು. ಅವನ ಕಡೆಗೆ ನೂಕಿದಳು.

ಅವನು ಸಿಟ್ಟಿನಲ್ಲೇ ಎತ್ತಿಕೊಂಡು, ಸಿಟ್ಟಿನಲ್ಲೇ ಶುರು ಮಾಡಿದ. ಸಿಂಬಿ ಸುತ್ತಿ ಕೊಟ್ಟಾಂವ ಯಾರ ಎನ್ನುವಲ್ಲಿಗೆ ಬರುವಾಗ ದನಿ ಒಡೆಯಿತು. ನಿಲ್ಲಿಸಲಿಲ್ಲ. ಸೋನಾಲಿ ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದಳು, ಅಳುತ್ತಲೇ ತಾಳ ತೆಗೆದುಕೊಂಡಳು. ಅಕ್ಕಪಕ್ಕದ ಕೋಣೆಯವರೆಲ್ಲ ಬಂದು ನಿಂತರು. ಮುಗಿದ ಮೇಲೆ ಸೋನಾಲಿ "ಎಲ್ಲಿಗಿ ಹೋಗಿದ್ಯೋ?" ಅಂದಳು. "ಇಲ್ಲೇ ಪನ್ವೇಲಿಗಿ" ಅಂದ. ಮತ್ತೆ ನನಗೆ ಹೇಳಿದ, "ಹರಿಣಿ ಅಕ್ಕಾರಿಗಿ ಹೇಳ್ರಿ. ಬಿಡಲಿ. ಎರಡೂ ಕೂಡೇ ಬಿಡಲಿ."

ಸುಂದ್ರವ್ವನ ಮುಖ ನೋಡಿದೆ. ಇಡೀ ರಾತ್ರಿ ಹಾಡಿದರೂ ಒಂದು ಸೊಲ್ಲು ತಪ್ಪದ ಹೆಂಗಸು! ನನ್ನ ಕಡೆ ನೋಡಿ ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡಳು.

ಇನ್ನು ನಿನ್ನ ವಿಷಯ. ಎಲ್ಲರಿಗೂ ಹೇಳುತ್ತಿದ್ದೇನೆ: ಹರಿಣಿಯ ಹಾಡು ಇಪ್ಪತ್ತೇಳರಿಂದ ಮೇಲೆ ಏರಲೇ ಇಲ್ಲ. ಸೋನಾಲಿಯನ್ನು ಮೇಲೆ ತಂದದ್ದು ಪೂರ್ತಿ ನಾನೊಬ್ಬಳೇ, ಅದರಲ್ಲಿ ನನ್ನ ಮಗಳ ಕೈ ಏನೂ ಇಲ್ಲ. ಪನ್ವೇಲಿಗೆ ಹೋಗಿ ಗೇಟಿನಲ್ಲಿ ನಿಂತವಳೂ ಅವಳಲ್ಲ. ಅವಳಿಗೆ ಕೋರಿರೊಟ್ಟಿ ಅಂದರೆ ಆಗುವುದಿಲ್ಲ. ಅಮ್ಮನ ನೆನಪಂತೂ ಅವಳಿಗೆ ಬರುವುದೇ ಇಲ್ಲ.

ನನಗೂ ವಯಸ್ಸಾಯಿತು. ಎಲ್ಲಾದರೂ ತಪ್ಪಿ ಬರೆದಿದ್ದರೆ ಬಂದು ತಿದ್ದು. ಬರುವ ಭಾನುವಾರ ಕೋಳಿ ತರಿಸುತ್ತಿದ್ದೇನೆ, ಹೇಗೂ ನೀನು ತಿನ್ನುವವಳಲ್ಲ.

ಅಮ್ಮ